ಗೋಡೆಯಾಚೆಯ ಬಾತಿನ ಗೂಡು

ಕಳೆದ ತಿಂಗಳು ಪಾಂಡವಪುರಕ್ಕೆ ಹೋಗಿದ್ದೆವು. ನನ್ನ ತಂಗಿ ಮನೆ ಕಟ್ಟಿಸುತ್ತಿದ್ದಾಳೆ, ಬಾಗಿಲಿಗೆ ಮರ ನೋಡಬೇಕಿತ್ತು. ನಮ್ಮ ಯಜಮಾನರು ಅಂಗಡಿಯವರ ಜೊತೆ ಚೌಕಟ್ಟಿನ ಅಳತೆ ಮಾತಾಡುತ್ತಿದ್ದರೆ ನಾನು ಹೊರಗೆ ಸೂರಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಒಳಗೆ ಯಾರೋ ಹಲಸಿನ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದರು. ಈಗೆಲ್ಲ ಮೆಷೀನೇ, ಕೈಯಲ್ಲಿ ಹೆರೆಯುವ ಆ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು. ಸದ್ದಿನ ಹಿಂದೆಯೇ ವಾಸನೆ ಬಂತು... ಹಲಸಿನ ಮರದ ಸಿಹಿ ವಾಸನೆ. ಹಳದಿ ಸುರುಳಿಗಳು ಹೊಸ್ತಿಲವರೆಗೂ ಉರುಳಿ ಬಂದಿದ್ದವು. ನಾನು ಬಗ್ಗಿ ಒಂದು ಹಿಡಿ ಎತ್ತಿಕೊಂಡು, ಮುಷ್ಟಿಯಲ್ಲಿ ಹಿಸುಕಿ ಬಿಟ್ಟೆ. ಸುರುಳಿಗಳು ಗರಗರ ಅಂತ ಬಿಚ್ಚಿಕೊಂಡವು. ಚೆನ್ನಾಗಿ ಒಣಗಿದೆ ಅಂದುಕೊಂಡೆ. ಆಮೇಲೆ ನನಗೇ ನಗು ಬಂತು. ಅಲ್ಲಿ ಬಾತುಕೋಳಿಯೂ ಇರಲಿಲ್ಲ, ಸುರುಳಿ ಹಾಸುವುದಕ್ಕೆ ಗೂಡೂ ಇರಲಿಲ್ಲ. ನೆನಪಿಗೆ ಬಂದವಳು ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಮ್ಮ ಯಜಮಾನರ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ನಾನು ಸಿಂಧಘಟ್ಟದ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವಳು ಅಲ್ಲಿ ಬೇರು ಬಿಟ್ಟು ಕೂತಿದ್ದಳು. ನಮ್ಮದು ಮರಗೆಲಸದ ಮನೆತನ. ಹಿಂದಿನ ಚಪ್ಪರದಲ್ಲಿ ಭಾವ ಮತ್ತು ನಮ್ಮವರು ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದರು. ಅಲ್ಲಿ ಬೀಳುತ್ತಿದ್ದ ಮರದ ಸುರುಳಿಯನ್ನೆಲ್ಲ ಅಕ್ಕ ಚೀಲಕ್ಕೆ ತುಂಬಿಡುತ್ತಿದ್ದಳು. ಗರಗಸದಿಂದ ಉದುರುವ ಸಣ್ಣ ಪುಡಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಬಾತಿನ ಮೂಗಿಗೆ ಹೋಗುತ್ತದಂತೆ. ಸುರುಳಿಯೆಲ್ಲ ಅವಳ ಬಾತಿನ ಗೂಡಿಗೆ ಹಾಸಿಗೆ.

ಬಾತುಗಳು ಅವಳಿಗೆ ಸಿಕ್ಕ ಕಥೆಯನ್ನು ಅತ್ತೆಯೇ ನನಗೆ ಹೇಳಿದ್ದರು. ಕುಯ್ಲು ಮುಗಿದ ಗದ್ದೆಗಳಲ್ಲಿ ಬಾತಿನ ಹಿಂಡು ಮೇಯಿಸುತ್ತ ಊರಿಂದೂರಿಗೆ ಹೋಗುವವರು ನಮ್ಮ ಕೆರೆಯ ಕೆಳಗೆ ಬೀಡು ಬಿಟ್ಟಿದ್ದರಂತೆ. ಹಿಂಡಿನ ಜೊತೆ ನಡೆಯಲಾಗದ ಒಂದಷ್ಟು ಕುಂಟು ಬಾತುಗಳನ್ನು ಅವರು ಅಕ್ಕನಿಗೆ ಕೊಟ್ಟು ಹೋದರಂತೆ. ಅವೇ ಮೊಟ್ಟೆಯಿಟ್ಟು, ಮರಿಯಾಗಿ, ಅಂಗಳ ತುಂಬಿಕೊಂಡಿದ್ದವು.

ಮನೆಗೆ ಯಾರೇ ಬಂದರೂ ಅತ್ತೆ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಆ ಗೂಡಿನ ಹತ್ತಿರ. ಬೀಗರು ಬಂದರೂ ಅಲ್ಲಿಗೇ, ಮಂಚ ಮಾಡಿಸಲು ಬಂದವರೂ ಅಲ್ಲಿಗೇ.

"ಬಾತು ಸಾಕಿರೋ ಮನೆ ಅಂತ ಗೊತ್ತಾಯ್ತದಾ? ಮೂಸಿ ನೋಡ್ರವ್ವ! ನಮ್ ದೊಡ್ಡೋಳು ಕೂಸಿಗೆ ಆಸ್ದಂಗೆ ಆಸ್ತಾಳೆ."

ಬಂದವರು ನಿಜಕ್ಕೂ ಮೂಸುತ್ತಿದ್ದರು. ಮರದ ವಾಸನೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ನಾನು ಅಷ್ಟೊತ್ತಿಗೆ ಒಳಗೆ ಕಾಫಿ ಸೋಸುತ್ತ ನಿಂತಿರುತ್ತಿದ್ದೆ. ನನ್ನ ಕಾಫಿ ಚೆನ್ನಾಗಿರುತ್ತಿತ್ತು, ನನ್ನ ಕೈಯ ಸೊಪ್ಪಿನ ಸಾರೂ ಚೆನ್ನಾಗಿರುತ್ತಿತ್ತು. ಅದನ್ನು ಅತ್ತೆ ಉಂಡು ಎದ್ದು ಕೈ ತೊಳೆಯುತ್ತಿದ್ದರೇ ಹೊರತು ಒಂದು ಮಾತು ಆಡುತ್ತಿರಲಿಲ್ಲ. ಬಾತಿನ ಹಿಕ್ಕೆ ಬಾಚುವ ಕೆಲಸಕ್ಕೆ ಇಷ್ಟು ಮರ್ಯಾದೆಯೇ ಅಂತ ನನ್ನ ಹೊಟ್ಟೆಯಲ್ಲಿ ಕೆಂಡ ಹೊರಳುತ್ತಿತ್ತು. ಅದೂ ಅಕ್ಕ ನಾಗಮಂಗಲದ ಕಡೆಯವಳು, ಒಣ ಸೀಮೆಯಲ್ಲಿ ಹುಟ್ಟಿದವಳು. ನಾನು ಶ್ರೀರಂಗಪಟ್ಟಣದ ಪಕ್ಕ ನಾಲೆಯ ದಂಡೆಯಲ್ಲಿ ಬೆಳೆದವಳು. ನೀರಿನ ಹಕ್ಕಿಯ ಬಗ್ಗೆ ಮಾತಾಡುವುದಿದ್ದರೆ ನಾನಲ್ಲವೇ ಮಾತಾಡಬೇಕಾದ್ದು? ಒಂದು ದಿನ ಇದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅತ್ತೆ ಎಲೆಅಡಿಕೆ ಮೆಲ್ಲುತ್ತ, "ನೀರು ಕಂಡೋಳು ನೀನು, ಸರಿ. ಒಣಗ್ಸೋದು ಅವ್ಳಿಗೆ ತಾನೇ ಗೊತ್ತಿರೋದು?" ಅಂದುಬಿಟ್ಟರು. ಅಕ್ಕ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಆದರೆ ಅವಳ ಭುಜ ಕುಲುಕಿದ್ದನ್ನು ನಾನು ನೋಡಿದೆ. ನಗುತ್ತಿದ್ದಳು.

ಮಾವ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಜಗಳವೇನೂ ಆಗಲಿಲ್ಲ. ಭಾವನಿಗೆ ಮನೆಯಲ್ಲೇ ಕೆಲಸ ಮಾಡಿಕೊಂಡಿರುವ ಆಸೆ, ನಮ್ಮವರಿಗೆ ಬೆಳ್ಳೂರು ಕ್ರಾಸಿನ ಫರ್ನಿಚರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಅಂಗಳದ ಮಧ್ಯೆ ಎದೆಮಟ್ಟದ ಗೋಡೆ ಎದ್ದಿತು. ಚಪ್ಪರ ಅವರ ಕಡೆಗೆ, ಬಾತಿನ ಗೂಡು ಅವರ ಕಡೆಗೆ, ಅತ್ತೆಯೂ ಅವರ ಕಡೆಗೆ. ಗೋಡೆಗೆ ಕೊನೆಯ ಸಾಲು ಇಟ್ಟ ದಿನ ಅಕ್ಕ ನನ್ನನ್ನು ಕರೆದಳು.

"ಗೂಡು ನನ್ ಪಾಲಿಗೆ ಬಂತು, ಬೇಜಾರ್ ಮಾಡ್ಕಬ್ಯಾಡ ಕಣೆ. ಬಾತು ಅರ್ಧಕ್ಕರ್ಧ. ನಿಂಗೆ ಯಾವು ಬೇಕೋ ನೀನೇ ಇಡ್ಕೊ."

ನಾನೂ ಬಿಡಲಿಲ್ಲ. ಮೊಟ್ಟೆ ಇಡುವುದರಲ್ಲಿ ಯಾವುದು ಮುಂದು ಅಂತ ಮೊದಲೇ ಕಣ್ಣಿಟ್ಟಿದ್ದೆ. ಒಳ್ಳೊಳ್ಳೆಯವನ್ನೇ ಹಿಡಿದುಕೊಂಡೆ. ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ನಮ್ಮವರು ಭಾನುವಾರ ಕೂತು ಅಂಗಡಿಯಿಂದ ತಂದ ಹಲಗೆಗಳಲ್ಲಿ ಗೂಡು ಹೊಡೆದರು. ಮೇಲೆ ತಗಡಿನ ಶೀಟು. ಎಲ್ಲೂ ಒಂದು ಸಂದಿ ಇಲ್ಲದ ಹಾಗೆ, ಅವಳ ಗೂಡಿಗಿಂತ ಭದ್ರವಾಗಿ ಮಾಡಿಸಿದೆ. ಬಣ್ಣವನ್ನೂ ಹೊಡೆಸಿದೆ.

ಬಾತುಗಳು ಬೆಳಿಗ್ಗೆ ಕೆರೆಗೆ ಹೋಗಿ ಸಂಜೆ ತಾವೇ ಸಾಲು ಹಿಡಿದು ವಾಪಸು ಬರುತ್ತವೆ. ಮೊದಲ ಸಂಜೆ ನಾನು ತೌಡು ಕಲೆಸಿಕೊಂಡು ನಮ್ಮ ಬಾಗಿಲಲ್ಲಿ ಕಾಯುತ್ತಿದ್ದೆ. ಸಾಲು ಓಣಿಗೆ ತಿರುಗಿತು, ವಕ್ ವಕ್ ಅನ್ನುತ್ತ, ಬಾಲ ಕುಣಿಸುತ್ತ. ನನ್ನ ಗೇಟಿನ ಮುಂದೆಯೇ ಬಂತು. ನನ್ನನ್ನು ನೋಡಲೂ ಇಲ್ಲ! ಅವಳವು, ನನ್ನವು, ಎಲ್ಲ ಒಂದೇ ಸಾಲಾಗಿ ಮುಂದೆ ನಡೆದು ಅಕ್ಕನ ಗೇಟಿನೊಳಗೆ ಹೋದವು. ಕೋಲು ಹಿಡಿದು ಓಡಿದೆ. ಅಕ್ಕ ಅವಳ ಗೂಡಿನ ಬಾಗಿಲಿಗೆ ಅಡ್ಡ ನಿಂತು ನನ್ನ ಬಾತುಗಳನ್ನು ಸೆರಗಿನಿಂದ ಹೊರಗೆ ಅಟ್ಟುತ್ತಿದ್ದಳು.

"ಓಗ್ರೇ, ನಿಮ್ಮನೆ ಆ ಕಡೆ ಅದೆ. ಒಸಾ ಮನೆ. ಬಣ್ಣ ಬೇರೆ ಒಡ್ಸವ್ಳೆ. ಓಗ್ರೇ!"

ಅವು ಅವಳ ಕಾಲಿನ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತಿದ್ದವು. ಅವಳು ಅವನ್ನು ಒಳಗೆ ಬಿಟ್ಟುಕೊಂಡಿದ್ದರೆ ನನಗೆ ಜಗಳ ಮಾಡಲು ಒಂದು ದಾರಿ ಇರುತ್ತಿತ್ತು. ಅವಳು ಅಟ್ಟುತ್ತಿದ್ದಳು, ಅವು ಹೋಗುತ್ತಿರಲಿಲ್ಲ. ಒಂದೊಂದನ್ನೇ ಎತ್ತಿ ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟಳು. ಆ ದಿನ ಮಾತ್ರವಲ್ಲ, ಎಷ್ಟೋ ಸಂಜೆಗಳು ಇದೇ ನಡೆಯಿತು. ಓಣಿಯ ಹೆಂಗಸರು ಜಗಲಿಯ ಮೇಲೆ ಕೂತು ನೋಡುವುದಕ್ಕೆ ಒಂದು ಆಟವಾಗಿಬಿಟ್ಟಿತು. ಅತ್ತೆಯನ್ನು ಅವಳ ಪಾಲಿಗೆ ಬಿಟ್ಟುಕೊಟ್ಟದ್ದು ಒಂದು ರೀತಿ. ಆದರೆ ನಾನೇ ಆರಿಸಿ ತಂದ ಬಾತುಗಳೂ...

ಮಳೆ ಹಿಡಿಯಿತು. ಆ ವರ್ಷ ಬಿಟ್ಟೂಬಿಡದೆ ಸುರಿಯಿತು. ಚಳಿಯಾದೀತು ಅಂತ ಗೂಡಿಗೆ ಇದ್ದ ಒಂದೇ ಕಿಟಕಿಗೂ ಗೋಣಿತಾಟು ಹೊಡೆದೆ. ರಾತ್ರಿ ಬಾಯಾರಿದರೆ ಇರಲಿ ಅಂತ ಅಗಲವಾದ ಬೇಸಿನ್ನಿನಲ್ಲಿ ನೀರನ್ನೂ ಒಳಗೇ ಇಟ್ಟೆ. ಭತ್ತದ ಹುಲ್ಲು ಹಾಸಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವ ಹಾಗೆ ನಾತ ಬರುತ್ತಿತ್ತು. ಹುಲ್ಲು ಹಿಂಡಿದರೆ ನೀರು. ಹೊಸದು ಹಾಸಿದರೆ ಎರಡನೇ ದಿನಕ್ಕೆ ಅದೂ ಕಪ್ಪಗೆ ಬೂಸಲು ಹಿಡಿಯುತ್ತಿತ್ತು. ಬಾತುಗಳ ಬಿಳಿ ಎದೆ ಕೊಳೆಯಾಯಿತು. ಕೆಲವು ಕುಂಟತೊಡಗಿದವು, ಪಾದದ ಅಡಿಯಲ್ಲಿ ಗಂಟು. ಕೆಲವು ಬಾಯಿ ತೆರೆದು ಗೊರಗೊರ ಅಂತ ಉಸಿರೆಳೆಯುತ್ತಿದ್ದವು. ಒಂದು ಬೆಳಿಗ್ಗೆ ಎಲ್ಲಕ್ಕಿಂತ ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಬಾತು ಮೂಲೆಯಲ್ಲಿ ಕತ್ತು ಚಾಚಿ ಸತ್ತು ಬಿದ್ದಿತ್ತು.

ಅತ್ತೆ ಛತ್ರಿ ಹಿಡಿದುಕೊಂಡು ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಿ, ಹಾಗೇ ತಿರುಗಿ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

"ಅತ್ಗೆನ ಒಂದ್ ಮಾತು ಕೇಳು," ಅಂದರು ನಮ್ಮವರು.

"ನಾನ್ ಸತ್ರೂ ಕೇಳಕಿಲ್ಲ. ಅವ್ಳಿಗೆ ಚಪ್ಪರ ಅದೆ, ಚೀಲಗಟ್ಲೆ ಸುರುಳಿ ಬೀಳ್ತದೆ. ಮೆತ್ತಗೆ ಆಸ್ತಾಳೆ, ಒಣಗಿರ್ತದೆ. ನಂಗೂ ಅಷ್ಟು ಸುರುಳಿ ಸಿಕ್ಕಿದ್ರೆ ನಾನೂ ಆಸ್ತಿದ್ದೆ."

ಎದೆಮಟ್ಟದ ಗೋಡೆ ಮಾತನ್ನು ತಡೆಯುತ್ತದೆಯೇ? ಮಾರನೆಯ ಬೆಳಿಗ್ಗೆ ಗೋಡೆಯ ಈ ಕಡೆ ಒಂದು ಚೀಲ ಸುರುಳಿ ಬಿದ್ದಿತ್ತು. ಬಾಯಿ ಹೊಲಿದು, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಳು. ವಾಪಸು ಎಸೆಯೋಣ ಅಂತ ಎತ್ತಿಕೊಂಡೆ. ಅಷ್ಟರಲ್ಲಿ ಗೂಡಿನೊಳಗಿಂದ ಆ ಗೊರಗೊರ ಕೇಳಿಸಿತು. ಚೀಲದ ಬಾಯಿ ಬಿಚ್ಚಿದೆ. ಹಳೆಯದನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿ, ನೆಲ ಒರೆಸಿ, ಗೇಣು ಮಂದಕ್ಕೆ ಹಾಸಿದೆ. ಹಲಸಿನ ವಾಸನೆ ಘಮ್ ಅಂದಿತು. ಈಗ ನೋಡು ಅಂದುಕೊಂಡೆ.

ಎರಡು ದಿನ ಕಳೆಯುವಷ್ಟರಲ್ಲಿ ಅದೂ ಒದ್ದೆ.

ಅವಳ ಸುರುಳಿಯೇ, ಅವಳ ಗೂಡಿನಲ್ಲಿ ಗರಗರ ಅನ್ನುವ ಸುರುಳಿಯೇ, ನನ್ನ ಗೂಡಿನಲ್ಲಿ ನೆನೆದು ಮುದ್ದೆಯಾಗಿತ್ತು. ನನ್ನ ಹತ್ತಿರ ಇದ್ದ ಒಂದೇ ಒಂದು ಸಮಾಧಾನವೂ ಹೋಯಿತು. ಸಿಟ್ಟಿನಲ್ಲಿ ಗೂಡಿನೊಳಗೆ ಬಗ್ಗಿ ಹೋಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಬಾತುಗಳು ಮೂಲೆಗೆ ಸರಿದವು. ಒಂದು ಹನಿ ಕತ್ತಿನ ಮೇಲೆ ಬಿತ್ತು. ಶೀಟು ಸೋರುತ್ತಿದೆ ಅಂದುಕೊಂಡರೆ ಹೊರಗೆ ಮಳೆ ನಿಂತು ಬಿಸಿಲು ಬಂದಿತ್ತು. ಅಂಗೈಯನ್ನು ಶೀಟಿನ ಅಡಿಗೆ ಸವರಿದೆ. ಕೈ ಪೂರ್ತಿ ನೀರು. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಕೂತಿರುತ್ತದಲ್ಲ, ಹಾಗೆ. ಬಾತುಗಳ ಉಸಿರು ಹೋಗಲು ದಾರಿಯಿಲ್ಲದೆ ತಗಡಿಗೆ ಕಟ್ಟಿಕೊಂಡು ಹನಿಹನಿಯಾಗಿ ಅವುಗಳ ಹಾಸಿಗೆಗೇ ಬೀಳುತ್ತಿತ್ತು. ಸಾಲದ್ದಕ್ಕೆ ಬೇಸಿನ್ನಿನ ಸುತ್ತ ಅವು ಚೆಲ್ಲಾಡಿದ ಕೆಸರು. ನಾನು ಗೂಡು ಮುಚ್ಚಿದ್ದಲ್ಲ, ಇಡ್ಲಿ ಪಾತ್ರೆ ಮುಚ್ಚಿದ್ದೆ.

ಗರಗಸ ತಂದೆ. ಆಚಾರಿಗಳ ಮನೆಯ ಸೊಸೆಗೆ ಅಷ್ಟಾದರೂ ಬರುತ್ತದೆ. ಸೂರಿನ ಕೆಳಗಿನ ಹಲಗೆಯನ್ನು ಉದ್ದಕ್ಕೂ ಕೊಯ್ದು ತೆಗೆದು, ನಾಯಿ ಕಾಡುಬೆಕ್ಕು ನುಗ್ಗದ ಹಾಗೆ ಅಲ್ಲಿಗೆ ಜಾಲರಿ ಬಡಿದೆ. ಗೋಣಿತಾಟು ಕಿತ್ತೆಸೆದೆ. ನೀರಿನ ಬೇಸಿನ್ನನ್ನು ಹೊರಗೆ ಜಲ್ಲಿಯ ಮೇಲೆ ಇಟ್ಟೆ. ಮೊಳೆ ಹೊಡೆಯುತ್ತಿರುವಾಗ ಬೆನ್ನಿನ ಮೇಲೆ ಯಾರದೋ ಕಣ್ಣು ಇದೆ ಅನ್ನಿಸಿ ತಿರುಗಿದೆ. ಅಕ್ಕ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದಳು.

"ಗೊತ್ತಾಯ್ತಾ?"

ನಾನು ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ. ಹೂಂ ಅಂದೆ.

"ನಾನೂ ಮೊದ್ಲು ಇಂಗೇ ಮುಚ್ಚಿ ಸಾಯಿಸ್ದೆ ಕಣೆ. ಅತ್ತೆಗೆ ಗೊತ್ತಿಲ್ಲ. ಕೆರೆ ತಾವ ನರಿ ಇಡ್ಕೋಯ್ತು ಅಂತ ಏಳಿದ್ದೆ."

ಆ ಮಾತನ್ನು ಹೇಳಿ ಒಳಗೆ ಹೋದಳು. ಅತ್ತೆಗೆ ಹೇಳಿಬಿಡಬಹುದಿತ್ತು. ಎಷ್ಟೋ ಸಲ ನಾಲಗೆಯ ತುದಿಗೆ ಬಂದದ್ದುಂಟು. ಯಾಕೋ ಹೇಳಲಿಲ್ಲ. ಆ ಗುಟ್ಟು ನನ್ನ ಹತ್ತಿರ ಇರುವುದೇ ಒಂದು ಸುಖವಾಗಿತ್ತು.

ಅಲ್ಲಿಂದ ಮುಂದೆ ನನ್ನ ಬೆಳಗುಗಳೆಲ್ಲ ಗೋಡೆಯ ಕಡೆ ಕಣ್ಣಿಟ್ಟೇ ಶುರುವಾಗುತ್ತಿದ್ದವು. ಅವಳು ಕವೆಗೋಲು ಹಿಡಿದು ಹಾಸು ತಿರುವಿದರೆ ನಾನೂ ತಿರುವಿದೆ. ಅವಳು ಗೂಡು ಖಾಲಿ ಮಾಡಿ ಒಂದು ದಿನ ಬಿಸಿಲಿಗೆ ಬಿಟ್ಟು ಅದರ ಒಳಗೋಡೆಗೆ ಸುಣ್ಣ ಬಳಿದರೆ ನಾನು ಮಾರನೆಯ ದಿನವೇ ಸುಣ್ಣ ಕಲೆಸಿದೆ. ಹಾಸನ್ನು ಮುಷ್ಟಿಯಲ್ಲಿ ಹಿಸುಕಿ ನೋಡುವುದು, ಉಂಡೆ ಕಟ್ಟಿದರೆ ಬಾಚಿ ತೆಗೆಯುವುದು, ಉದುರಿದರೆ ಮೇಲೊಂದು ಪದರ ಹಾಕುವುದು, ಎಲ್ಲ ಅವಳನ್ನು ನೋಡಿಯೇ ಕಲಿತೆ. ಒಂದನ್ನೂ ಕೇಳಲಿಲ್ಲ. ಸುರುಳಿಯನ್ನು ನಮ್ಮವರು ಬೆಳ್ಳೂರಿನಿಂದ ಬಸ್ಸಿನಲ್ಲಿ ತರತೊಡಗಿದರು; ಕಂಡಕ್ಟರು ದಿನಾ ಗೊಣಗುತ್ತಿದ್ದನಂತೆ. ಉಳಿದ ಬಾತುಗಳ ಎದೆ ಮತ್ತೆ ಬೆಳ್ಳಗಾಯಿತು. ಒಂದು ಸಂಜೆ ಕೆರೆಯಿಂದ ಸಾಲು ಬಂತು, ನನ್ನ ಗೇಟಿನ ಮುಂದೆ ನಿಂತಿತು, ನನ್ನವು ಸಾಲು ಬಿಟ್ಟು ಒಳಗೆ ಬಂದವು. ತೌಡಿನ ಬಾಂಡಲಿ ಕೈಯಲ್ಲೇ ಇತ್ತು. ನಾನು ಮೊದಲು ನೋಡಿದ್ದು ಬಾತುಗಳನ್ನಲ್ಲ, ಗೋಡೆಯಾಚೆ ಅಕ್ಕ ನೋಡಿದಳೋ ಇಲ್ಲವೋ ಅಂತ. ನೋಡಿದ್ದಳು. ತಲೆಯಾಡಿಸಿದಳು.

ಕೆಲವು ದಿನ ಬಿಟ್ಟು ಅತ್ತೆ ಬಂದು ನನ್ನ ಗೂಡಿನ ಪಕ್ಕದ ಕಲ್ಲಿನ ಮೇಲೆ ಕೂತರು. ಮೂಗು ಮುಚ್ಚಲಿಲ್ಲ. "ವಾಸ್ನೆ ಇಲ್ಲ ಬುಡು," ಅಂದರು. ಹಬ್ಬದ ದಿನ ಹೊಸ ಸೀರೆ ಉಟ್ಟ ಹಾಗಾಯಿತು ನನಗೆ. ಕಾಫಿ ತರಲು ಒಳಗೆ ಓಡಿದೆ. ಬಂದು ಲೋಟ ಕೊಟ್ಟಾಗ, "ಆದ್ರೂ ದೊಡ್ಡೋಳ್ ಗೂಡು ತಣ್ಣಗಿರ್ತದೆ ನೋಡು," ಅಂದರು.

ಅಕ್ಕನ ಕೆಮ್ಮು ಯಾವಾಗ ಶುರುವಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ಗೋಡೆಯಾಚೆಯಿಂದ ಮೊದಲು ಬೆಳಗಿನ ಹೊತ್ತು ಮಾತ್ರ ಕೇಳುತ್ತಿತ್ತು. ಆಮೇಲೆ ಸಂಜೆಯೂ. ಹಾಸು ತಿರುವುವಾಗ ನಡುನಡುವೆ ನಿಂತು ಕವೆಗೋಲಿನ ಮೇಲೆ ಭಾರ ಬಿಡುತ್ತಿದ್ದಳು. ಕೆ.ಆರ್. ಪೇಟೆಯ ಡಾಕ್ಟರು ಎದೆ ನೋಡಿ, ಧೂಳು ಆಗಲೇಬಾರದು ಅಂದರಂತೆ. ಚಪ್ಪರದ ಮರದ ಧೂಳು, ಗೂಡಿನ ಧೂಳು, ಎರಡೂ. ಭಾವ ತಮ್ಮ ಕೆಲಸವನ್ನು ಊರಾಚೆಯ ಬಾಡಿಗೆ ಶೆಡ್ಡಿಗೆ ಸಾಗಿಸಿದರು. ಬಾತುಗಳನ್ನು ಏನು ಮಾಡುವುದು?

ಅವಳೇ ಒಂದು ಬೆಳಿಗ್ಗೆ ನನ್ನ ಗೇಟು ತೆಗೆದಳು. ಹಿಂದೆ ಅವಳ ಬಾತುಗಳೆಲ್ಲ ಸಾಲಾಗಿ ನಿಂತಿದ್ದವು.

"ಎಲ್ಲಾನೂ ನೀನೇ ಮಡಿಕ್ಕೊ," ಅಂದಳು. "ಬೇರೆಯೋರ್ಗೆ ಕೊಡಾಕೆ ಮನಸ್ ಬರಕಿಲ್ಲ."

ನಾನು ಇಷ್ಟು ವರ್ಷ ಬಯಸಿದ್ದು ತಾನಾಗಿಯೇ ಗೇಟಿನೊಳಗೆ ನಡೆದು ಬಂದಿತ್ತು. ಕುಣಿಯಬೇಕಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು, ಒಂದೊಂದು ಬಾತೂ ಒಳಗೆ ಹೋಗುವುದನ್ನು ನೋಡುತ್ತ ನಿಂತಿದ್ದಳು...

ಆಮೇಲೆ ಅವಳ ಜಾಗ ಗೋಡೆಯ ಆಚೆಗಿನ ಕುರ್ಚಿ. ಹತ್ತಿರ ಬರುವ ಹಾಗಿಲ್ಲ. ದೂರದಿಂದಲೇ ಹುಕುಂ.

"ಎಡಗಡೆ ಮೂಲೆ ತಿರ್ವಿಲ್ಲ ನೀನು."

"ತಿರುವಿವ್ನಿ ಕಣಕ್ಕ."

"ಸುಳ್ಳೇಳ್ಬ್ಯಾಡ. ಅಲ್ಲಿ ಧೂಳು ಏಳ್ಲೇ ಇಲ್ಲ."

ತಿರುವಿರಲಿಲ್ಲ. ಅಷ್ಟು ದೂರದಿಂದ ಹೇಗೆ ಕಾಣುತ್ತಿತ್ತೋ!

ಒಂದು ಬೆಳಿಗ್ಗೆ ನಾನು ಹಳೆಯ ಹಾಸು ತೆಗೆದು ಹೊಸದನ್ನು ಸುರಿಯುತ್ತಿದ್ದೆ. ಎಲ್ಲ ಬಾತುಗಳೂ ಅಂಗಳದಲ್ಲಿ ರೆಕ್ಕೆ ಬಡಿಯುತ್ತ ಸುತ್ತಿಕೊಂಡಿದ್ದವು. ಅಕ್ಕ ಬಹಳ ಹೊತ್ತಿನಿಂದ ಮಾತಾಡಿರಲಿಲ್ಲ. ನಿದ್ದೆ ಬಂತೇನೋ ಅಂತ ತಲೆ ಎತ್ತಿದೆ. ಕಣ್ಣು ತುಂಬಿಕೊಂಡು ಕೂತಿದ್ದಳು.

"ಒಟ್ಟೆ ಉರೀತದೆ ಕಣೆ, ನಿನ್ನ ನೋಡುದ್ರೆ," ಅಂದಳು.

ತಮಾಷೆ ಅಂದುಕೊಂಡೆ. ತಮಾಷೆಯಾಗಿರಲಿಲ್ಲ. ಅವಳ ಮುಖದ ಮೇಲೆ ಇದ್ದದ್ದನ್ನು ಗುರುತಿಸಲು ನನಗಿಂತ ಬೇರೆಯವರು ಬೇಕಿರಲಿಲ್ಲ. ಕಾಫಿ ಸೋಸುತ್ತ ಅಡುಗೆಮನೆಯ ಕಿಟಕಿಯಿಂದ ನಾನು ಅವಳನ್ನು ನೋಡುತ್ತಿದ್ದದ್ದು ಅದೇ ಮುಖದಲ್ಲಿ. ಸುಮ್ಮನಿರು, ವಾಸಿಯಾಗುತ್ತದೆ ಅನ್ನಬಹುದಿತ್ತು. ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.

"ಉರೀಲಿ ಬುಡಕ್ಕ," ಅಂದೆ. "ನಾನು ಎಷ್ಟ್ ವರ್ಸ ಉರ್ದಿವ್ನಿ."

"ಗೊತ್ತು ಕಣೆ."

"ಗೊತ್ತಿತ್ತಾ?"

"ಅದ್ಕೇ ತಾನೇ ನಾನು ದಿನಾ ಅಷ್ಟ್ ಚೆಂದಾಗಿ ಆಸ್ತಿದ್ದಿದ್ದು!"

ನಕ್ಕಳು. ನಾನೂ ಕವೆಗೋಲು ಬಿಸಾಕಿ ನಕ್ಕೆ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಅತ್ತೆ ಒಳಗಿಂದ ಬಿಸಿನೀರು ಹಿಡಿದು ಓಡಿಬಂದರು. ಇಬ್ಬರಿಗೂ ಸೇರಿಸಿ ಬೈದರು.

ಸಂಕ್ರಾಂತಿಯ ಹಿಂದಿನ ಚಳಿಯಲ್ಲಿ ಅಕ್ಕ ಹೋದಳು. ಆ ದಿನ ಬಾತುಗಳನ್ನು ಹೊರಗೆ ಬಿಡುವುದು ನನಗೆ ನೆನಪಾಗಲಿಲ್ಲ. ಮಧ್ಯಾಹ್ನದವರೆಗೂ ಗೂಡಿನೊಳಗೇ ಕೂಗುತ್ತಿದ್ದವು. ಅಷ್ಟು ಜನ ಅಳುವವರ ನಡುವೆ ಅವುಗಳ ಕೂಗು ಯಾರ ಕಿವಿಗೂ ಬಿದ್ದಿರಲಿಲ್ಲ.

ಅವಳ ಗೂಡನ್ನು ಭಾವ ಕೀಳಲಿಲ್ಲ. ಹಳೆಯ ಚೌಕಟ್ಟುಗಳನ್ನು ಅದರೊಳಗೆ ಜೋಡಿಸಿಟ್ಟಿದ್ದಾರೆ. ಅತ್ತೆಗೆ ಈಗ ವಯಸ್ಸಾಗಿದೆ, ಆದರೂ ಕಣ್ಣು, ಮೂಗು, ಬಾಯಿ ಮೂರೂ ಚುರುಕು. ಗೋಡೆಯಲ್ಲಿ ಒಂದು ದಾರಿ ಒಡೆಸಿದ್ದೇವೆ. ಅವರು ನಮ್ಮ ಮನೆಯಲ್ಲಿ ಉಣ್ಣುತ್ತಾರೆ, ಮಲಗುವುದು ಆ ಕಡೆ.

ಪಾಂಡವಪುರದಿಂದ ಬಂದ ಮಾರನೆಯ ಬೆಳಿಗ್ಗೆ ಗೂಡಿಗೆ ಹೊಸ ಹಾಸು ಹಾಕಿದೆ. ವಾರದಿಂದ ಮಳೆ ಹಿಡಿದಿತ್ತು. ಆದರೂ ಕೆಳಗಿನ ಪದರದವರೆಗೂ ಒಣಗಿಯೇ ಇತ್ತು. ಅಡಿಯಿಂದ ತಿರುವಿದೆ, ಎಡಗಡೆಯ ಮೂಲೆಯನ್ನೂ ಬಿಡದೆ. ಗೋಡೆಯಾಚೆ ನೋಡುವವರು ಇರಲಿಲ್ಲ. ಇಷ್ಟು ಚೆನ್ನಾಗಿ ಮಾಡಿ ಯಾರಿಗೆ ತೋರಿಸುವುದು ಅಂತ ಕವೆಗೋಲನ್ನು ಗೂಡಿಗೆ ಒರಗಿಸಿಟ್ಟೆ.

ಅತ್ತೆ ಕೋಲೂರಿಕೊಂಡು ಬಂದು ಇಣುಕಿ ನೋಡಿದರು. ಒಂದು ಹಿಡಿ ಸುರುಳಿ ಎತ್ತಿ ಮೂಸಿದರು.

"ಚೆಂದಾಗದೆ," ಅಂದರು. "ದೊಡ್ಡೋಳು ಇದ್ದಿದ್ರೆ ಇನ್ನೂ ಚೆಂದಾಗಿ ಆಸೋಳು."

ಅದೇ ಹಳೆಯ ಉರಿ, ಅದೇ ಜಾಗದಲ್ಲಿ. ಅಕ್ಕ ಅಲ್ಲೇ ಕೂತಿದ್ದಾಳೆ ಅನ್ನಿಸಿ ಗೋಡೆಯ ಕಡೆ ತಿರುಗಿ ನೋಡಿಯೂಬಿಟ್ಟೆ.

ಅತ್ತೆ ಇನ್ನೊಂದು ಸಲ ಅದನ್ನೇ ಹೇಳಲಿ ಅಂತ, ಕೆಲಸ ಮುಗಿದಿದ್ದರೂ ನಾನು ಅಲ್ಲೇ ನಿಂತಿದ್ದೆ.